ದೋಣಿಯೂ ಡೇರೆಯೂ: ಹೈಸ್ಕೂಲಿನ ಮಗು ರೋಯಿಂಗ್, ಸ್ಕೌಟ್ ಎರಡನ್ನೂ ಮಾಡುವುದು ಹೇಗೆ

ನಾನು ಸಾಗರದ ಕಡೆಯವಳು. ಚಿಕ್ಕವಳಿದ್ದಾಗ ಸಿಗಂದೂರಿಗೆ ಹೋಗಬೇಕಾದರೆ ಶರಾವತಿ ಹಿನ್ನೀರನ್ನು ಲಾಂಚಿನಲ್ಲಿ ದಾಟುತ್ತಿದ್ದೆವು. ಬಸ್ಸು, ಜೀಪು, ಜನ ಎಲ್ಲಾ ಒಂದೇ ಲಾಂಚಿನ ಮೇಲೆ. ನಾನು ಅಮ್ಮನ ಸೆರಗು ಹಿಡಿದು ಸರಿಯಾಗಿ ನಡುವೆ ನಿಲ್ಲುತ್ತಿದ್ದೆ. ಅಂಚಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಈಗ ಅಲ್ಲಿ ಸೇತುವೆ ಆಗಿದೆ. ನನ್ನ ಹೆದರಿಕೆ ಮಾತ್ರ ನನ್ನ ಜೊತೆ ನ್ಯೂಜೆರ್ಸಿಗೂ ಬಂತು. ಎಂಟನೇ ಕ್ಲಾಸಿನಲ್ಲಿ ಮಗ "ಅಮ್ಮ, ನಾನು ರೋಯಿಂಗ್ ಸೇರ್ತೀನಿ" ಅಂದಾಗ ನಾನು ಹೇಳಿದ ಮೊದಲ ಮಾತು "ಬೇಡ".

ಅವನು ಆಗಲೇ ಸ್ಕೌಟ್ ಆಗಿದ್ದ. ವಾರಕ್ಕೊಂದು ಸಂಜೆ ಮೀಟಿಂಗು, ತಿಂಗಳಿಗೊಂದು ಕ್ಯಾಂಪು. ಅದರ ಮೇಲೆ ವಾರಕ್ಕೆ ಆರು ದಿನ ರೋಯಿಂಗ್, ಅಂದರೆ ದೋಣಿಯಲ್ಲಿ ಹುಟ್ಟು ಹಾಕುವ ರೇಸಿನ ಅಭ್ಯಾಸ ಇದ್ದರೆ ಓದು ಯಾವಾಗ? ಇದೇ ಪ್ರಶ್ನೆಯನ್ನು ಈಗ ಕನ್ನಡ ಕೂಟದಲ್ಲಿ ಬೇರೆ ಅಪ್ಪ ಅಮ್ಮಂದಿರು ನನ್ನನ್ನು ಕೇಳುತ್ತಾರೆ. ಮಗ ಹೈಸ್ಕೂಲಿನ ನಾಲ್ಕೂ ವರ್ಷ ಎರಡನ್ನೂ ಮಾಡಿದ. ಸ್ಕೌಟ್‌ನ ಎಲ್ಲಕ್ಕಿಂತ ಮೇಲಿನ ಹಂತವಾದ ಈಗಲ್ ಸ್ಕೌಟ್ ಆದ, ಹನ್ನೆರಡನೇ ಕ್ಲಾಸಿನ ಕೊನೆಯ ರೇಸಿನವರೆಗೂ ದೋಣಿಯಲ್ಲಿದ್ದ. ನಮ್ಮ ಮನೆಯಲ್ಲಿ ಏನು ಕೆಲಸ ಮಾಡಿತು, ಏನು ಮಾಡಲಿಲ್ಲ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎರಡನ್ನೂ ಬೇರೆ ಬೇರೆ ಇಟ್ಟು ನಿಭಾಯಿಸಲು ಹೋದರೆ ಆಗುವುದಿಲ್ಲ. ಎರಡನ್ನೂ ಸೇರಿಸಿ ಹೆಣೆಯಬೇಕು. ಹೆಣೆಯುವ ಕೆಲಸ ನಿಧಾನವಾಗಿ ಮಗುವಿನ ಕೈಗೆ ಹೋಗಬೇಕು.

ಮೊದಲು ಈಜು

ಬೇರೆ ಎಲ್ಲದಕ್ಕಿಂತ ಮೊದಲು ಇದು. ಸ್ಕೌಟ್‌ನಲ್ಲಿ ಫಸ್ಟ್ ಕ್ಲಾಸ್ ಹಂತ ಮುಟ್ಟಲು ಈಜು ಪರೀಕ್ಷೆ ಪಾಸಾಗಬೇಕು. ತಲೆ ಮುಳುಗುವಷ್ಟು ಆಳದ ನೀರಿಗೆ ಕಾಲು ಮುಂದಾಗಿ ಹಾರಬೇಕು. 75 ಗಜ ಚುರುಕಾಗಿ ಈಜಬೇಕು, ಆಮೇಲೆ 25 ಗಜ ಅಂಗಾತವಾಗಿ ನಿಧಾನಕ್ಕೆ ಈಜಬೇಕು, ಕೊನೆಗೆ ಸುಮ್ನೆ ತೇಲಿ ತೋರಿಸಬೇಕು. ರೋಯಿಂಗ್ ಕ್ಲಬ್ಬುಗಳು ತಮ್ಮದೇ ಪರೀಕ್ಷೆ ಇಟ್ಟುಕೊಂಡಿರುತ್ತವೆ. ನಮ್ಮ ಕ್ಲಬ್ಬಿನಲ್ಲಿ 10 ನಿಮಿಷ ನಿಂತಲ್ಲೇ ಕಾಲಾಡಿಸುತ್ತಾ ತೇಲಿ, ನೀರಿನಲ್ಲೇ ಲೈಫ್ ಜಾಕೆಟ್ ಹಾಕಿಕೊಳ್ಳಬೇಕಿತ್ತು. ಒಂದು ಬೇಸಿಗೆ ಈಜು ಕಲಿತರೆ ಎರಡೂ ಬಾಗಿಲು ತೆರೆಯುತ್ತವೆ.

ಮಗನನ್ನು ಕೊಳದ ಹತ್ತಿರ ಬಿಟ್ಟು ಕಾರಿನಲ್ಲಿ ಕೂತಿರುತ್ತಿದ್ದೆ. ಮೂರನೇ ವಾರ ನಾನೂ ದೊಡ್ಡವರ ಕ್ಲಾಸಿಗೆ ಹೆಸರು ಬರೆಸಿದೆ. ಆಗ ನನಗೆ 44. ನಿಮಗೂ ನೀರೆಂದರೆ ಭಯ ಇದ್ದರೆ ಇದನ್ನು ಮಾಡಿ. ಅಮ್ಮನ ಮುಖದಲ್ಲಿರುವ ಭಯ ಮಗುವಿಗೆ ತಕ್ಷಣ ಗೊತ್ತಾಗುತ್ತದೆ.

ಸೇರುವ ಮುಂಚೆ ನೋಡಿ, ಕೇಳಿ

ಒಂದು ರೆಗಾಟಾ, ಅಂದರೆ ದೋಣಿ ರೇಸುಗಳ ಕೂಟ, ನೋಡಿ ಬನ್ನಿ. ನಾವು ಮೇ ತಿಂಗಳಲ್ಲಿ ಫಿಲಡೆಲ್ಫಿಯಾದ ಸ್ಕೂಲ್‌ಕಿಲ್ ನದಿಯಲ್ಲಿ ನಡೆಯುವ ಸ್ಟೋಟ್ಸ್‌ಬರಿ ಕಪ್ ನೋಡಲು ಹೋದೆವು. 1927ರಿಂದ ನಡೆಯುತ್ತಿರುವ ಹೈಸ್ಕೂಲುಗಳ ರೇಸು ಅದು. ಟಿಕೆಟ್ಟು ಏನೂ ಇರಲಿಲ್ಲ. ಹುಲ್ಲಿನ ಮೇಲೆ ಕೂತು ಅವಲಕ್ಕಿ ತಿನ್ನುತ್ತಾ ನೋಡಿದೆವು. ಎಂಟು ಮಕ್ಕಳು ಸುಮಾರು 60 ಅಡಿ ಉದ್ದದ ದೋಣಿಯನ್ನು ತಲೆಯ ಮೇಲೆತ್ತಿ, ಭುಜಕ್ಕಿಳಿಸಿ, ಒಂದೇ ಹೆಜ್ಜೆಯಲ್ಲಿ ನಡೆಯುವುದನ್ನು ಕಂಡಾಗ ನನ್ನ "ಬೇಡ" ಅರ್ಧ ಕರಗಿತ್ತು. ಅಂಥ ದೋಣಿ ಹಗುರ ಅಂದರೂ 96 ಕಿಲೋ. ಒಬ್ಬ ಸಾಲು ತಪ್ಪಿದರೆ ಉಳಿದವರ ಭುಜಕ್ಕೆ ಭಾರ ಬೀಳುತ್ತದೆ.

ಕೆಲವು ಊರಿನಲ್ಲಿ ಶಾಲೆಗೇ ತಂಡ ಇರುತ್ತದೆ, ಕೆಲವು ಕಡೆ ಕ್ಲಬ್. ಮಧ್ಯ ನ್ಯೂಜೆರ್ಸಿಯಲ್ಲಿ ಇರುವವರಿಗೆ ನೀರಿನ ಕೊರತೆ ಇಲ್ಲ. ಮರ್ಸರ್ ಕೆರೆ ಇದೆ. ಪ್ರಿನ್ಸ್‌ಟನ್‌ನಲ್ಲಿ ಕಾರ್ನೆಗಿ ಕೆರೆ ಇದೆ. ವಿಶ್ವವಿದ್ಯಾಲಯದ ರೋಯಿಂಗ್‌ಗೆಂದೇ ಆಂಡ್ರೂ ಕಾರ್ನೆಗಿ ದುಡ್ಡು ಕೊಟ್ಟು 1906ರಲ್ಲಿ ಮಾಡಿಸಿದ ಕೆರೆ ಅದು. ದಕ್ಷಿಣಕ್ಕೆ ಹೋದರೆ ಕೂಪರ್ ನದಿ.

ಕ್ಲಬ್ಬಿಗೆ ಹೋದಾಗ ಗೆದ್ದ ಕಪ್ಪುಗಳನ್ನು ಆಮೇಲೆ ನೋಡಿ. ಮೊದಲು ಈ ಪ್ರಶ್ನೆಗಳನ್ನು ಕೇಳಿ. ಕೋಚ್ ಕೂತಿರುವ ಮೋಟಾರ್ ದೋಣಿ ಮಕ್ಕಳಿಂದ ಎಷ್ಟು ದೂರದಲ್ಲಿರುತ್ತದೆ? ಅದನ್ನೂ ಲಾಂಚ್ ಅಂತಲೇ ಕರೆಯುತ್ತಾರೆ. ಆ ಮಾತು ಕೇಳಿದಾಗ ನನಗೆ ಊರಿನ ನೆನಪಾಯಿತು. ರೇಸಿನ ದೋಣಿಯಲ್ಲಿ ಮಕ್ಕಳು ಲೈಫ್ ಜಾಕೆಟ್ ಹಾಕಿರುವುದಿಲ್ಲ. ಹಾಗಾಗಿ ಲಾಂಚಿನಲ್ಲಿ ಎಲ್ಲರಿಗೂ ಸಾಕಾಗುವಷ್ಟು ಜಾಕೆಟ್ ಇದೆಯಾ? ನೀರು ತಣ್ಣಗಿದ್ದಾಗ ಒಬ್ಬರು, ಇಬ್ಬರು ಕೂರುವ ಸಣ್ಣ ದೋಣಿಗಳನ್ನು ಇಳಿಸುತ್ತೀರಾ? ಒಳ್ಳೆಯ ಕ್ಲಬ್ಬಾದರೆ "ಇಳಿಸುವುದಿಲ್ಲ" ಎಂದು ತಕ್ಷಣ ಹೇಳಿ, ಎಷ್ಟು ಡಿಗ್ರಿಗೆ ಅನ್ನುವುದನ್ನೂ ತಿಳಿಸುತ್ತಾರೆ.

ದೋಣಿಯಲ್ಲಿ ಶೂ ಕೂಡ ನೋಡಿ. ಅದು ದೋಣಿಗೇ ಸೇರಿರುತ್ತದೆ. ಮಕ್ಕಳು ಕಾಲು ತೂರಿಸಿ ಕೂರುತ್ತಾರೆ. ಹಿಮ್ಮಡಿಯ ಹತ್ತಿರ ಒಂದು ಗಿಡ್ಡ ದಾರ ಕಟ್ಟಿರಬೇಕು. ದೋಣಿ ಮಗುಚಿದರೆ ಆ ದಾರ ಶೂವಿನ ಹಿಮ್ಮಡಿಯನ್ನು ಹಿಡಿದಿಡುತ್ತದೆ, ಕಾಲು ಸುಲಭವಾಗಿ ಹೊರಗೆ ಜಾರುತ್ತದೆ. ದಾರ ಹರಿದಿದ್ದರೆ ಆ ದೋಣಿ ಅವತ್ತು ನೀರಿಗಿಳಿಯಬಾರದು. ಇದನ್ನು ನೋಡಿಕೊಳ್ಳುವುದು ಮಗುವಿಗೇ ಅಭ್ಯಾಸವಾಗಲಿ.

ಸ್ಕೌಟ್ ಟ್ರೂಪಿಗೂ, ಅಂದರೆ ಮಕ್ಕಳ ಸ್ಕೌಟ್ ಗುಂಪಿಗೂ, ಹೀಗೇ ಹೋಗಿ ನೋಡಿ. ಒಬ್ಬರೇ ದೊಡ್ಡವರು ಒಂದು ಮಗುವಿನ ಜೊತೆ ಇರಬಾರದು, ಯಾವಾಗಲೂ ಕನಿಷ್ಠ ಇಬ್ಬರು ದೊಡ್ಡವರು ಇರಬೇಕು ಅನ್ನುವುದು ನಿಯಮ. ಮಕ್ಕಳ ರಕ್ಷಣೆಯ ತರಬೇತಿಯನ್ನು ಅಪ್ಪ ಅಮ್ಮಂದಿರೂ ಮನೆಯಲ್ಲಿ ಕೂತೇ ತೆಗೆದುಕೊಳ್ಳಬಹುದು. ತೆಗೆದುಕೊಳ್ಳಿ. ಹೆಣ್ಣುಮಕ್ಕಳ ತಾಯಂದಿರಿಗೂ ಇದೇ ಮಾತು. 2019ರಿಂದ ಹೆಣ್ಣುಮಕ್ಕಳಿಗೂ ಟ್ರೂಪುಗಳಿವೆ. 2025ರ ಫೆಬ್ರವರಿಯಿಂದ, ಬಾಯ್ ಸ್ಕೌಟ್ಸ್ ಆಫ್ ಅಮೆರಿಕ ಅಂತಿದ್ದ ಸಂಸ್ಥೆಯ ಹೆಸರೇ ಬದಲಾಗಿ ಸ್ಕೌಟಿಂಗ್ ಅಮೆರಿಕ ಆಗಿದೆ.

ಒಂದು ವಿಷಯದಲ್ಲಿ ನಾನು ತಪ್ಪು ತಿಳಿದುಕೊಂಡಿದ್ದೆ. ಹೈಸ್ಕೂಲಿನಲ್ಲಿ ನಾನೂ ಗೈಡ್ ಆಗಿದ್ದೆ. ಭಾರತದಲ್ಲಿ ಸ್ಕೌಟಿಂಗ್ ಶುರುವಾದದ್ದೇ 1909ರಲ್ಲಿ, ನಮ್ಮ ಬೆಂಗಳೂರಿನಲ್ಲಿ. ನನ್ನ ಶಾಲೆಯಲ್ಲಿ ಟೀಚರ್ ಹೇಳುತ್ತಿದ್ದರು, ನಾವು ಮಾಡುತ್ತಿದ್ದೆವು. ಇಲ್ಲೂ ಹಾಗೇ ಅಂದುಕೊಂಡೆ. ಮೊದಲ ಮೀಟಿಂಗಿನಲ್ಲಿ ಹದಿನಾರರ ಹುಡುಗನೊಬ್ಬ ಮುಂದೆ ನಿಂತು ಎಲ್ಲಾ ನಡೆಸುತ್ತಿದ್ದ. ದೊಡ್ಡವರು ಗೋಡೆಗೆ ಒರಗಿ ಕಾಫಿ ಕುಡಿಯುತ್ತಿದ್ದರು. ಮಕ್ಕಳು ಗದ್ದಲ ಮಾಡಿದರು, ಹಗ್ಗ ಸಾಲದೆ ಹೋಯಿತು, ಆಟ ಅರ್ಧಕ್ಕೆ ನಿಂತಿತು. ಯಾಕೆ ಯಾರೂ ಸರಿಮಾಡುತ್ತಿಲ್ಲ ಅಂತ ನನಗೆ ಚಡಪಡಿಕೆ. ಮಕ್ಕಳೇ ಎಡವಿ ಕಲಿಯಬೇಕು ಅನ್ನುವುದೇ ಇಲ್ಲಿನ ಪದ್ಧತಿ ಅಂತ ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು. ಮಕ್ಕಳ ಗದ್ದಲ ಕಂಡು ಟ್ರೂಪನ್ನು ತಳ್ಳಿಹಾಕಬೇಡಿ. ದೊಡ್ಡವರೇ ಎಲ್ಲಾ ಮಾಡುವ ಟ್ರೂಪಿದ್ದರೆ ಅಲ್ಲಿ ಯೋಚಿಸಿ.

ವರ್ಷವನ್ನು ಹಂಚುವುದು

ಇದೇ ಮುಖ್ಯ ಭಾಗ. ಇದನ್ನು ನಾವು ಎರಡು ವರ್ಷ ಒದ್ದಾಡಿ ಕಲಿತೆವು.

ರೋಯಿಂಗ್‌ಗೆ ಋತುಗಳಿವೆ. ಸೆಪ್ಟೆಂಬರಿನಿಂದ ನವೆಂಬರ್ ಮೊದಲ ವಾರದವರೆಗೆ ಉದ್ದದ ರೇಸುಗಳು. ನಾಲ್ಕೈದು ಕಿಲೋಮೀಟರ್ ದೂರ, ದೋಣಿಗಳು ಒಂದರ ಹಿಂದೊಂದು ಹೊರಡುತ್ತವೆ, ಗಡಿಯಾರದ ಮೇಲೆ ಗೆಲುವು. ಡಿಸೆಂಬರಿನಿಂದ ಫೆಬ್ರವರಿವರೆಗೆ ನೀರಿಗಿಳಿಯುವುದಿಲ್ಲ, ಒಳಗೆ ಎರ್ಗ್ ಯಂತ್ರದ ಮೇಲೆ ಅಭ್ಯಾಸ. ದೋಣಿಯಲ್ಲಿ ಹುಟ್ಟು ಎಳೆದಂತೆಯೇ ಎಳೆಯುವ ವ್ಯಾಯಾಮದ ಯಂತ್ರ ಅದು. ಮಾರ್ಚಿನಿಂದ ಮೇ ಕೊನೆವರೆಗೆ 1,500 ಅಥವಾ 2,000 ಮೀಟರಿನ ರೇಸುಗಳು, ದೋಣಿಗಳು ಪಕ್ಕಪಕ್ಕದಲ್ಲಿ. ಈ ಮೂರು ತಿಂಗಳು ಶನಿವಾರ ನಿಮ್ಮದಲ್ಲ. ಬೇಸಿಗೆ ಖಾಲಿ.

ಸ್ಕೌಟ್‌ನಲ್ಲಿ ಋತು ಇಲ್ಲ, ಕಾಯುವ ಅವಧಿಗಳಿವೆ. ಫಸ್ಟ್ ಕ್ಲಾಸಿನಿಂದ ಮುಂದಿನ ಹಂತ ಸ್ಟಾರ್‌ಗೆ ಕನಿಷ್ಠ 4 ತಿಂಗಳು. ಸ್ಟಾರ್‌ನಿಂದ ಲೈಫ್‌ಗೆ 6. ಲೈಫ್‌ನಿಂದ ಈಗಲ್‌ಗೆ ಮತ್ತೆ 6. ಒಟ್ಟು 16 ತಿಂಗಳು, ಅದೂ ಟ್ರೂಪಿನಲ್ಲಿ ಓಡಾಡಿಕೊಂಡು, ಜವಾಬ್ದಾರಿ ಹೊತ್ತುಕೊಂಡು. ಈಗಲ್‌ಗೆ ಬೇಕಾದ 21 ಮೆರಿಟ್ ಬ್ಯಾಡ್ಜುಗಳು (ಒಂದೊಂದು ವಿಷಯ ಕಲಿತದ್ದಕ್ಕೆ ಕೊಡುವ ಬ್ಯಾಡ್ಜುಗಳು), ಊರಿಗಾಗಿ ಮಗು ನಡೆಸುವ ಸೇವಾ ಪ್ರಾಜೆಕ್ಟು ಎಲ್ಲವೂ 18ನೇ ಹುಟ್ಟುಹಬ್ಬದ ಒಳಗೆ ಮುಗಿಯಬೇಕು. ಅದಕ್ಕೇ ನನ್ನ ಸಲಹೆ ಇದು: ಎಂಟನೇ ಕ್ಲಾಸು ಮುಗಿಯುವಷ್ಟರಲ್ಲಿ ಫಸ್ಟ್ ಕ್ಲಾಸ್ ಆಗಿರಲಿ. ಆಮೇಲೆ ರೋಯಿಂಗ್ ಬಂದರೂ ಉಸಿರಾಡಲು ಜಾಗ ಇರುತ್ತದೆ.

ಇನ್ನೊಂದು ವಿಷಯ ನಮಗೆ ತಡವಾಗಿ ಹೊಳೆಯಿತು. ಮೂರು ಬ್ಯಾಡ್ಜುಗಳಿಗೆ ಮೂರು ಮೂರು ತಿಂಗಳ ದಾಖಲೆ ಬೇಕು. ಪರ್ಸನಲ್ ಫಿಟ್‌ನೆಸ್‌ಗೆ 12 ವಾರದ ವ್ಯಾಯಾಮ. ಪರ್ಸನಲ್ ಮ್ಯಾನೇಜ್‌ಮೆಂಟ್‌ಗೆ 13 ವಾರದ ಖರ್ಚು ವೆಚ್ಚದ ಲೆಕ್ಕ. ಫ್ಯಾಮಿಲಿ ಲೈಫ್‌ಗೆ 90 ದಿನದ ಮನೆಕೆಲಸ. ಇವನ್ನು ಕೊನೆಯ ವಾರದಲ್ಲಿ ಬಾಚಿಕೊಳ್ಳಲು ಆಗುವುದಿಲ್ಲ. ರೋಯಿಂಗಿನ ಚಳಿಗಾಲವೂ ಸರಿಯಾಗಿ ಮೂರು ತಿಂಗಳು ಅಲ್ವಾ? ಡಿಸೆಂಬರ್ ಮೊದಲ ವಾರದಲ್ಲಿ ಮೂರನ್ನೂ ಒಟ್ಟಿಗೆ ಶುರುಮಾಡಿಸಿ. ಎರ್ಗ್ ಅಭ್ಯಾಸವೇ ಫಿಟ್‌ನೆಸ್ ಬ್ಯಾಡ್ಜಿನ ವ್ಯಾಯಾಮ ಆಗುತ್ತದೆ. ಆದರೆ ಶುರುಮಾಡುವ ಮುಂಚೆಯೇ ಮಗು ಆ ಬ್ಯಾಡ್ಜಿಗೆ ಸಹಿ ಹಾಕುವ ಕೌನ್ಸೆಲರಿಗೆ ತನ್ನ ಯೋಜನೆ ತೋರಿಸಿ ಒಪ್ಪಿಗೆ ಪಡೆದಿರಬೇಕು. ನಮ್ಮವನು ಕೇಳದೆ ಮಾಡಿ ಐದು ವಾರದ ದಾಖಲೆ ಕಳೆದುಕೊಂಡ. ರೋಯಿಂಗ್‌ಗೇ ಒಂದು ಬ್ಯಾಡ್ಜ್ ಇದೆ, ಅದು ಹೇಗೂ ಸಿಗುತ್ತದೆ. ಆದರೂ ಸಹಿ ಹಾಕುವವರು ಆ ಬ್ಯಾಡ್ಜಿಗೆ ನೋಂದಾಯಿಸಿದ ಕೌನ್ಸೆಲರೇ ಆಗಬೇಕು, ಬರೀ ಕೋಚ್ ಆದರೆ ಸಾಲದು.

ಕ್ಯಾಂಪಿಂಗ್ ಬ್ಯಾಡ್ಜಿಗೆ 20 ರಾತ್ರಿ ಬೇಕು. ಬೇಸಿಗೆಯ ವಾರದ ಕ್ಯಾಂಪು ಒಂದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಉಳಿದ ರಾತ್ರಿಗಳನ್ನು ತಿಂಗಳ ಕ್ಯಾಂಪುಗಳಲ್ಲೇ ಸೇರಿಸಬೇಕು. ಮಾರ್ಚಿನಿಂದ ಮೇವರೆಗೆ ಅದು ಕಷ್ಟ. ನಾವು ಜನವರಿ, ಫೆಬ್ರವರಿಯ ಚಳಿ ಕ್ಯಾಂಪುಗಳನ್ನು ಒಂದನ್ನೂ ಬಿಡಲಿಲ್ಲ.

ಪ್ರತಿ ಭಾನುವಾರ ಸಂಜೆ 20 ನಿಮಿಷ ಅಡುಗೆಮನೆಯ ಟೇಬಲ್ ಮೇಲೆ ಒಂದೇ ಕ್ಯಾಲೆಂಡರ್. ಶಾಲೆಯ ಟೆಸ್ಟು, ರೇಸು, ಕ್ಯಾಂಪು, ಅಜ್ಜಿಗೆ ಫೋನು ಮಾಡುವ ಹೊತ್ತು ಎಲ್ಲವೂ ಅದರಲ್ಲೇ. ಒಂಬತ್ತನೇ ಕ್ಲಾಸಿನಲ್ಲಿ ನಾನು ಬರೆಯುತ್ತಿದ್ದೆ. ಹತ್ತರಿಂದ ಅವನೇ ಬರೆಯತೊಡಗಿದ. ರೇಸಿಗೂ ಕ್ಯಾಂಪಿಗೂ ಡಿಕ್ಕಿ ಆದಾಗ ಕೋಚ್‌ಗೋ ಸ್ಕೌಟ್‌ಮಾಸ್ಟರಿಗೋ ಎರಡು ವಾರ ಮೊದಲೇ ಹೇಳಬೇಕು, ಅದೂ ಅವನೇ. ಮೊದಲ ಸಲ ಹೇಳಲು ಅವನು ಮೂರು ದಿನ ಮುಂದೂಡಿದ. ನಾನು ಫೋನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟೆ. ಆ ಮೂರು ದಿನ ನನಗೆ ಬಹಳ ಉದ್ದ ಅನಿಸಿತು.

ಏನನ್ನಾದರೂ ಬಿಡಲೇಬೇಕು. ನಾವು ಶನಿವಾರದ ಗಣಿತದ ಟ್ಯೂಷನ್ ಬಿಟ್ಟೆವು. ಭಾನುವಾರದ ಕನ್ನಡ ಕ್ಲಾಸು ಬಿಡಲಿಲ್ಲ. ನಿಮ್ಮ ಮನೆಯ ಲೆಕ್ಕ ಬೇರೆ ಇರಬಹುದು. ನಿದ್ದೆಯನ್ನು ಮಾತ್ರ ಕತ್ತರಿಸಬೇಡಿ. ಹತ್ತೂವರೆಗೆ ಮಲಗದ ವಾರಗಳಲ್ಲಿ ಅವನ ಎರ್ಗ್ ಸಮಯವೂ ಕೆಡುತ್ತಿತ್ತು, ಮಾರ್ಕ್ಸೂ ಕೆಡುತ್ತಿತ್ತು.

ಮೈ, ಕೈ, ಊಟ

ರೋಯಿಂಗ್ ಅಂದರೆ ತೋಳಿನ ಬಲ ಅಂದುಕೊಂಡಿದ್ದೆ. ಅಲ್ಲ, ಕಾಲಿನ ಬಲ. ಕೂರುವ ಪೀಠ ಹಳಿಯ ಮೇಲೆ ಹಿಂದೆ ಮುಂದೆ ಜಾರುತ್ತದೆ. ಎಳೆಯುವಾಗ ಮೊದಲು ಕಾಲು, ಆಮೇಲೆ ಬೆನ್ನು, ಕೊನೆಗೆ ಕೈ. ವಾಪಸು ಬರುವಾಗ ಮೊದಲು ಕೈ, ಆಮೇಲೆ ಬೆನ್ನು, ಕೊನೆಗೆ ಮಂಡಿ. ಈ ಕ್ರಮ ತಪ್ಪಿದರೆ ಸೊಂಟ ನೋವು ಗ್ಯಾರಂಟಿ. ಮಗು ಮನೆಗೆ ಬಂದು ಸೊಂಟ ಹಿಡಿದುಕೊಂಡರೆ "ಅಭ್ಯಾಸ ಆಗುತ್ತೆ ಬಿಡು" ಅನ್ನಬೇಡಿ. ಕೋಚ್‌ಗೆ ತಿಳಿಸಲಿ.

ಎರ್ಗ್ ಯಂತ್ರದ ಪಕ್ಕದಲ್ಲಿ 1ರಿಂದ 10ರವರೆಗೆ ತಿರುಗುವ ಹಿಡಿಕೆ ಇರುತ್ತದೆ. ಹೊಸ ಮಕ್ಕಳೆಲ್ಲ 10ಕ್ಕೆ ಇಟ್ಟು ಎಳೆಯುತ್ತಾರೆ. 3ರಿಂದ 5ರ ನಡುವೆ ಸಾಕು. ಪರದೆಯ ಮೇಲೆ 500 ಮೀಟರಿಗೆ ಎಷ್ಟು ಹೊತ್ತು ಅನ್ನುವುದು ಕಾಣುತ್ತದೆ. ಅದು 2 ನಿಮಿಷ ಇದ್ದರೆ 2,000 ಮೀಟರಿಗೆ 8 ನಿಮಿಷ. ನಮ್ಮವನ ಮೊದಲ ಪರೀಕ್ಷೆ 8 ನಿಮಿಷ 12 ಸೆಕೆಂಡು. ಮೊದಲ 500 ಮೀಟರ್ ಹುಚ್ಚನಂತೆ ಎಳೆದು ಕೊನೆಯ 500ರಲ್ಲಿ ಸತ್ತಂತಾದ. ಹನ್ನೆರಡನೇ ಕ್ಲಾಸಿನ ಕೊನೆಯಲ್ಲಿ 7 ನಿಮಿಷ 2 ಸೆಕೆಂಡು. ನಾಲ್ಕೂ 500ಗಳನ್ನು ಹೆಚ್ಚುಕಡಿಮೆ ಒಂದೇ ಸಮ ಎಳೆಯಲು ಕಲಿತದ್ದೇ ದೊಡ್ಡ ಬದಲಾವಣೆ. ಮೊದಲ ಪರೀಕ್ಷೆಗೆ ಮಗು ಹೊರಟಾಗ ಇಷ್ಟೇ ಹೇಳಿ: ಮೊದಲರ್ಧ ತಡೆದುಕೋ.

ಕೈಯಲ್ಲಿ ಬೊಬ್ಬೆ ಬರುತ್ತವೆ. ಒಡೆಯಬೇಡಿ, ಚರ್ಮ ಕೀಳಬೇಡಿ. ಸೋಪು ಹಾಕಿ ತೊಳೆದು ಒಣಗಲು ಬಿಡಿ, ಅಭ್ಯಾಸಕ್ಕೆ ಹೋಗುವಾಗ ಟೇಪು ಸುತ್ತಲಿ. ಕೆಂಪಾಗಿ, ಬಿಸಿಯಾಗಿ ಕೀವು ಕಂಡರೆ ಡಾಕ್ಟರ ಹತ್ತಿರ ಹೋಗಿ. ಬಟ್ಟೆಯ ವಿಷಯದಲ್ಲಿ ಎರಡೂ ಕಡೆ ಒಂದೇ ಪಾಠ. ಚಳಿಯಲ್ಲಿ ಹತ್ತಿಬಟ್ಟೆ ಬೇಡ. ಒದ್ದೆಯಾದರೆ ಅದು ಮೈಯ ಬಿಸಿ ಹೀರಿಬಿಡುತ್ತದೆ. ಉಣ್ಣೆ ಅಥವಾ ಸಿಂಥೆಟಿಕ್ ಬಟ್ಟೆಯನ್ನು ಪದರ ಪದರವಾಗಿ ಹಾಕಲಿ. ದೋಣಿಗೆ ಮಾತ್ರ ಮೈಗಂಟುವ ಬಟ್ಟೆಯೇ ಬೇಕು. ಸಡಿಲ ಜಾಕೆಟ್ ಹುಟ್ಟಿನ ಹಿಡಿಗೆ ಸಿಕ್ಕಿಕೊಳ್ಳುತ್ತದೆ.

ನಾವು ಸಸ್ಯಾಹಾರಿಗಳು. ಸಾಲುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಸಾಲುತ್ತದೆ, ಆದರೆ ಜಾಸ್ತಿ ಬೇಕು, ಪದೇ ಪದೇ ಬೇಕು. ಶಾಲೆ ಬಿಟ್ಟ ತಕ್ಷಣ ಕಡಲೆಬೀಜದ ಚಿಕ್ಕಿ, ಬಾಳೆಹಣ್ಣು. ಅಭ್ಯಾಸ ಮುಗಿದ ಮೇಲೆ ಕಾರಿನಲ್ಲೇ ಚಪಾತಿ, ಪನ್ನೀರು ಪಲ್ಯದ ಸುರುಳಿ. ರಾತ್ರಿ ಅನ್ನ, ಗಟ್ಟಿ ಬೇಳೆ ಹುಳಿ, ಮೊಸರು. ರೇಸಿನ ಬೆಳಿಗ್ಗೆ ಹೊಸ ತಿಂಡಿಯ ಪ್ರಯೋಗ ಬೇಡ. ಅವನಿಗೆ ಮೊಸರನ್ನವೇ ಒಗ್ಗುತ್ತಿತ್ತು. ತೂಕದ ಮೇಲೆ ನಡೆಯುವ ಲೈಟ್‌ವೇಟ್ ರೇಸುಗಳೂ ಇವೆ. ಅದಕ್ಕಾಗಿ ಬೆಳೆಯುವ ಮಗು ಊಟ ಬಿಡುವುದಕ್ಕೆ ನಾನು ಯಾವತ್ತೂ ಒಪ್ಪುವುದಿಲ್ಲ. ಯಾರೇ ಹೇಳಿದರೂ ನೀವು ಒಪ್ಪಬೇಡಿ.

ಕ್ಯಾಂಪಿನಲ್ಲಿ ಅಡುಗೆ ಮಕ್ಕಳದ್ದೇ. ಮಗ ಮನೆಯಲ್ಲೇ ರವೆ ಹುರಿದು, ಒಗ್ಗರಣೆ ಬೆರೆಸಿ, ಚೀಲದಲ್ಲಿ ತುಂಬಿಸಿಕೊಂಡು ಹೋಗುತ್ತಿದ್ದ. ಅಲ್ಲಿ ಬಿಸಿನೀರಿಗೆ ಹಾಕಿದರೆ ಉಪ್ಪಿಟ್ಟು. ಜನವರಿಯ ಬೆಳಿಗ್ಗೆ, ಹೊರಗೆ ಹಿಮ, ಎಂಟು ಹುಡುಗರು ಪಾತ್ರೆ ಕೆರೆದು ತಿಂದರಂತೆ.

ಕಾಕ್ಸ್ ಸೀಟಿನಲ್ಲಿ ಕಲಿತದ್ದು

ಒಂಬತ್ತನೇ ಕ್ಲಾಸಿನಲ್ಲಿ ಅವನು ಐದಡಿ ಮೂರಂಗುಲ. ವಸಂತದ ರೇಸುಗಳು ಬಂದಾಗ ಕೋಚ್ ಅವನನ್ನು ಕಾಕ್ಸ್ ಮಾಡಿದರು. ಕಾಕ್ಸ್ ಅಂದರೆ ಹುಟ್ಟು ಹಾಕದೆ, ದೋಣಿಯ ದಿಕ್ಕು ನೋಡಿಕೊಂಡು, ಉಳಿದವರಿಗೆ ಆಜ್ಞೆ ಕೊಡುವವನು. ಅವನಿಗೆ ಅದು ಅವಮಾನ ಅನಿಸಿತು. ಎರಡು ವಾರ ಸರಿಯಾಗಿ ಮಾತಾಡಲಿಲ್ಲ. ನಿಮ್ಮ ಮಗುವಿಗೂ ಹೀಗಾದರೆ ಒಂದು ಋತು ಇರಲಿ ಬಿಡಿ, ಜಗಳಕ್ಕೆ ಹೋಗಬೇಡಿ. ಅವನ ಬೆಳವಣಿಗೆ ನಾನು ಕಂಡದ್ದು ಆ ಸೀಟಿನಿಂದಲೇ.

ಕಾಕ್ಸ್‌ನ ಮಾತಿಗೆ ಒಂದು ಕ್ರಮ ಇದೆ. ಮೊದಲು ಯಾರು, ಆಮೇಲೆ ಏನು, ಕೊನೆಗೆ ಯಾವಾಗ. "ಮುಂದಿನ ಇಬ್ಬರು, ಸಿದ್ಧ, ಈಗ." ಅಷ್ಟೇ. ಯಾಕೆ, ಹೇಗೆ ಅನ್ನುವುದು ದಡದ ಮೇಲೆ. ಹತ್ತನೇ ಕ್ಲಾಸಿನಲ್ಲಿ ಅವನು ಟ್ರೂಪಿನ ಮುಖ್ಯ ಹುಡುಗನಾಗಿ ಆಯ್ಕೆಯಾದ. ಮೂವತ್ತು ಮಕ್ಕಳು, ಅರ್ಧ ಜನ ಹನ್ನೊಂದು ವರ್ಷದವರು. "ಯಾರಾದರೂ ಡೇರೆ ತೆಗೀರಪ್ಪಾ" ಅಂದರೆ ಯಾರೂ ತೆಗೆಯುವುದಿಲ್ಲ. ಅವನು ಕಾಕ್ಸ್ ಮಾತನ್ನೇ ಅಲ್ಲಿಗೆ ತಂದ. ಯಾವ ಗುಂಪು, ಯಾವ ಕೆಲಸ, ಎಷ್ಟು ಹೊತ್ತಿಗೆ. ಅಲ್ಲಿಂದ ದೋಣಿಗೂ ಒಂದನ್ನು ತಂದ. ಸ್ಕೌಟ್‌ನಲ್ಲಿ ಚಿಕ್ಕವನೊಬ್ಬ ಹಿಂದೆ ಬಿದ್ದರೆ ಎಲ್ಲರೂ ಅವನ ನಡಿಗೆಗೆ ನಡೆಯುತ್ತಾರೆ. ದೋಣಿಯಲ್ಲೂ ಸುಸ್ತಾದವನನ್ನು ಬೈಯುವ ಬದಲು ತಾಳ ಒಂದು ಚೂರು ಇಳಿಸಿ ಎಲ್ಲರನ್ನೂ ಮತ್ತೆ ಕೂಡಿಸುತ್ತಿದ್ದ. ಇದಕ್ಕೇ ನಾನು ಎರಡೂ ಬೇಕು ಅನ್ನುವುದು. ದೋಣಿಯಲ್ಲಿ ಮಗು ಇನ್ನೊಬ್ಬರ ತಾಳಕ್ಕೆ ತನ್ನನ್ನು ಒಪ್ಪಿಸಲು ಕಲಿಯುತ್ತದೆ. ಡೇರೆಯಲ್ಲಿ ತಾನೇ ತೀರ್ಮಾನ ಮಾಡಲು ಕಲಿಯುತ್ತದೆ.

ಹನ್ನೊಂದಕ್ಕೆ ಬರುವಷ್ಟರಲ್ಲಿ ಉದ್ದ ಬೆಳೆದ, ನಾಲ್ವರ ದೋಣಿಯಲ್ಲಿ ಹುಟ್ಟು ಹಿಡಿದ. ಕೂಪರ್ ನದಿಯ ಮೊದಲ ರೇಸಿನಲ್ಲೇ ಅವನ ಹುಟ್ಟಿನ ಅಲಗು ವಾರೆಯಾಗಿ ನೀರಿಗಿಳಿದು ಸಿಕ್ಕಿಕೊಂಡಿತು. ಇದಕ್ಕೆ ಕ್ರ್ಯಾಬ್ ಹಿಡಿಯುವುದು ಅನ್ನುತ್ತಾರೆ. ಹಿಡಿ ಪಕ್ಕೆಗೆ ಬಡಿಯಿತು, ದೋಣಿ ನಿಂತಿತು, ಕೊನೆಯವರಾಗಿ ಬಂದರು. ಅವನು ದಡಕ್ಕೆ ಬಂದವನೇ ಮೂವರ ಹತ್ತಿರವೂ ಹೋಗಿ "ಅದು ನನ್ನದು" ಅಂದ. ನೆಪ ಹೇಳಲಿಲ್ಲ. ಅವತ್ತು ಮಧ್ಯಾಹ್ನ ಜೋರು ಗಾಳಿ. ತಂಡದ ಊಟದ ಡೇರೆ ಹಾರುವ ಹಾಗಿತ್ತು. ಪಕ್ಕೆ ಹಿಡಿದುಕೊಂಡೇ ನಾಲ್ಕೂ ಮೂಲೆಗೆ ಟಾಟ್-ಲೈನ್ ಗಂಟು ಹಾಕಿದ. ಹಗ್ಗ ಸಡಿಲವಾದರೆ ಬಿಚ್ಚದೆಯೇ ಬಿಗಿಮಾಡಬಹುದಾದ ಗಂಟು ಅದು. ನನ್ನ ಪುಳಿಯೋಗರೆ ಡಬ್ಬಿ ಉಳಿಯಿತು.

ಬ್ಯಾಡ್ಜು ಬೇರೆ, ಕಲಿಕೆ ಬೇರೆ

ನಾನು ಮಾಡಿದ ಒಂದು ತಪ್ಪು ನೀವು ಮಾಡಬೇಡಿ. ಬೇಗ ಮುಗಿಯಲಿ ಅಂತ ಅವನನ್ನು ಒಂದೇ ದಿನದಲ್ಲಿ ಬ್ಯಾಡ್ಜ್ ಮುಗಿಸಿಕೊಡುವ ಕಡೆಗೆ ಕಳಿಸಿದೆ. ಒಂದು ಕೋಣೆಯಲ್ಲಿ ನಲವತ್ತು ಮಕ್ಕಳು, ಸಂಜೆಗೆ ಪ್ರಥಮ ಚಿಕಿತ್ಸೆಯ ಕಾರ್ಡಿಗೆ ಸಹಿ. ಮುಂದಿನ ತಿಂಗಳು ಜೊತೆಯ ಹುಡುಗನ ಅಂಗೈ ಹುಟ್ಟು ಕೂರಿಸುವ ರಿಗ್ಗರ್ ಅನ್ನುವ ಲೋಹದ ಚೌಕಟ್ಟಿಗೆ ಕೊಯ್ದು ರಕ್ತ ಸುರಿಯಿತು. ಇವನು ಕೈಕಟ್ಟಿ ನಿಂತಿದ್ದ. ಗಾಯದ ಮೇಲೆ ಬಟ್ಟೆ ಒತ್ತಿ ಹಿಡಿಯಬೇಕು ಅನ್ನುವುದೂ ಆ ಹೊತ್ತಿಗೆ ಹೊಳೆಯಲಿಲ್ಲ. ಮನೆಗೆ ಬಂದು ಅತ್ತ. ಮಾರನೇ ವಾರ ತಾನಾಗಿ ಟ್ರೂಪಿನ ಒಬ್ಬ ನರ್ಸ್ ತಾಯಿಯ ಹತ್ತಿರ ಹೋಗಿ ಮತ್ತೆ ಮೊದಲಿನಿಂದ ಕಲಿತ. ಅದಕ್ಕೆ ಯಾರೂ ಎರಡನೇ ಬ್ಯಾಡ್ಜ್ ಕೊಡಲಿಲ್ಲ.

ಈಗಲ್ ಪ್ರಾಜೆಕ್ಟು

ಹತ್ತು ಮುಗಿದು ಹನ್ನೊಂದು ಶುರುವಾಗುವ ಬೇಸಿಗೆಯೇ ಇದಕ್ಕೆ ಸರಿ. ಹನ್ನೊಂದರ ವಸಂತದಲ್ಲಿ ರೇಸು, ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ, ಕಾಲೇಜು ಹುಡುಕಾಟ ಎಲ್ಲಾ ಒಟ್ಟಿಗೆ ಬೀಳುತ್ತವೆ.

ವಿಷಯ ಎಲ್ಲಿಂದ ಬರಬೇಕು? ಮಗು ದಿನಾ ನೋಡುವ ಜಾಗದಿಂದ. ಮಾರ್ಚಿನಲ್ಲಿ ಬಿಸಿಲಿದೆ ಅಂತ ಜನ ಲೈಫ್ ಜಾಕೆಟ್ ಇಲ್ಲದೆ ಕಯಾಕ್ ಇಳಿಸುವುದನ್ನು ಅವನು ನೋಡುತ್ತಿದ್ದ. ಗಾಳಿ ಬೆಚ್ಚಗಿದ್ದರೂ ನೀರು ಕೊರೆಯುತ್ತಿರುತ್ತದೆ. ತಣ್ಣೀರಿಗೆ ಬಿದ್ದವರಿಗೆ 1-10-1 ಅನ್ನುವ ಲೆಕ್ಕ ಕಲಿಸುತ್ತಾರೆ. ಉಸಿರು ಹತೋಟಿಗೆ ತರಲು 1 ನಿಮಿಷ. ಕೈಕಾಲು ಮಾತು ಕೇಳುವುದು ಸುಮಾರು 10 ನಿಮಿಷ. ಮೈ ತಣ್ಣಗಾಗಿ ಪ್ರಜ್ಞೆ ತಪ್ಪುವವರೆಗೆ ಸುಮಾರು 1 ಗಂಟೆ. ದೋಣಿ ಮಗುಚಿದರೂ ತೇಲುತ್ತದೆ, ಹಾಗಾಗಿ ಅದನ್ನು ಬಿಟ್ಟು ಈಜಬಾರದು. ದೋಣಿ ಇಳಿಸುವ ಜಾಗದಲ್ಲಿ ಈ ಮಾತುಗಳ ಫಲಕ, ಅದರ ಕೆಳಗೆ ಯಾರು ಬೇಕಾದರೂ ತೆಗೆದುಕೊಂಡು ವಾಪಸು ತೂಗುಹಾಕಬಹುದಾದ ಲೈಫ್ ಜಾಕೆಟ್ಟುಗಳು. ಇದೇ ಅವನ ಪ್ರಾಜೆಕ್ಟು.

ಕ್ರಮ ತಪ್ಪಿಸಬೇಡಿ. ಮೊದಲು ಪ್ರಸ್ತಾವ ಬರೆಯಬೇಕು. ಜಾಗದವರು, ಸ್ಕೌಟ್‌ಮಾಸ್ಟರ್, ಟ್ರೂಪ್ ಕಮಿಟಿ, ಮೇಲಿನ ಕೌನ್ಸಿಲ್ ಅಥವಾ ಡಿಸ್ಟ್ರಿಕ್ಟ್ ಎಲ್ಲರ ಸಹಿ ಆದ ಮೇಲೆಯೇ ಕೆಲಸ ಶುರು. ಅದಕ್ಕೂ ಮೊದಲು ಮಾಡಿದ ಕೆಲಸ ಲೆಕ್ಕಕ್ಕಿಲ್ಲ. ಜಾಗದವರಿಗೆ ಮೊದಲ ಮೇಲ್ ನಾನೇ ಬರೆದುಬಿಟ್ಟೆ. "ದಯವಿಟ್ಟು ನಿಮ್ಮ ಮಗ ಬರೆಯಲಿ" ಅಂತ ಎರಡೇ ಸಾಲಿನ ಉತ್ತರ ಬಂತು. ಅವರು ಹೇಳಿದ್ದು ಸರಿ. ಅವನು ಬರೆದ ಮೇಲ್ ನನ್ನದಕ್ಕಿಂತ ಚಿಕ್ಕದಿತ್ತು, ಚೆನ್ನಾಗಿತ್ತು.

ಕಂಬ ನೆಡಲು ಗುಂಡಿ ತೋಡುವ ಮುಂಚೆ 811ಕ್ಕೆ ಫೋನು ಮಾಡಬೇಕು. ನೆಲದೊಳಗಿನ ಗ್ಯಾಸು, ಕರೆಂಟಿನ ಲೈನುಗಳನ್ನು ಅವರು ಬಂದು ಗುರುತು ಹಾಕಿ ಹೋಗುತ್ತಾರೆ. ಇದಕ್ಕೆ ಕೆಲವು ದಿನ ಹಿಡಿಯುತ್ತದೆ, ಕೆಲಸದ ಹಿಂದಿನ ದಿನ ನೆನಪಾದರೆ ಪ್ರಯೋಜನ ಇಲ್ಲ. ಚಳಿಗಾಲದಲ್ಲಿ ಮಣ್ಣು ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ ಗುಂಡಿ ಹೋಗಬೇಕು, ಇಲ್ಲದಿದ್ದರೆ ಎರಡು ವರ್ಷದಲ್ಲಿ ಕಂಬ ಮೇಲೆದ್ದು ವಾಲುತ್ತದೆ. ಆಗಸ್ಟಿನ ಒಂದು ಶನಿವಾರ ಸ್ಕೌಟ್ ಹುಡುಗರು ಮರ ಕೊಯ್ದರು, ರೋಯಿಂಗ್ ಹುಡುಗರು ಗುಂಡಿ ತೋಡಿದರು. ಇವನು ಸುತ್ತಿಗೆ ಮುಟ್ಟಲಿಲ್ಲ. ನಾನು ನೋಡುತ್ತಾ, ಅವನೂ ಒಂದು ಕೈ ಹಾಕಬಾರದೇ ಅಂದುಕೊಂಡೆ. ಆದರೆ ನಡೆಸುವುದೇ ಇಲ್ಲಿ ಅವನ ಕೆಲಸ, ಪರೀಕ್ಷೆಯೂ ಅದೇ. "ಗುಂಡಿಯವರು, ಎರಡನೇ ಕಂಬ, ಹನ್ನೊಂದರೊಳಗೆ." ಅದೇ ಕಾಕ್ಸ್ ದನಿ. ಯಾರು ಎಷ್ಟು ಗಂಟೆ ಕೆಲಸ ಮಾಡಿದರು ಅನ್ನುವುದನ್ನು ಅವತ್ತೇ ಬರೆದಿಡಿಸಿ, ಕೊನೆಯ ವರದಿಗೆ ಅದು ಬೇಕು.

ದುಡ್ಡು, ಕಾಲೇಜು

ರೋಯಿಂಗ್ ಕ್ಲಬ್ಬಿಗೆ ವರ್ಷಕ್ಕೆ ಕೆಲವು ಸಾವಿರ ಡಾಲರ್ ಹೋಗುತ್ತದೆ. ಸಹಾಯಧನ ಇದೆಯಾ ಅಂತ ಸಂಕೋಚ ಇಲ್ಲದೆ ಕೇಳಿ. ಸ್ಕೌಟ್ ಅಷ್ಟು ದುಬಾರಿ ಅಲ್ಲ, ಡೇರೆ, ಬೂಟು ಹಳೆಯವು ಸಿಗುತ್ತವೆ. ಸ್ಕಾಲರ್‌ಶಿಪ್ಪಿಗೋಸ್ಕರ ಮಾತ್ರ ರೋಯಿಂಗ್ ಸೇರಿಸಬೇಡಿ. ಹೆಣ್ಣುಮಕ್ಕಳ ರೋಯಿಂಗ್‌ಗೆ 1997ರಿಂದ ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎ ಚಾಂಪಿಯನ್‌ಶಿಪ್ ಇದೆ, ಗಂಡುಮಕ್ಕಳ ರೋಯಿಂಗ್ ಅದರ ಹೊರಗಿದೆ. ನಮ್ಮವನು ಕಾಲೇಜು ತಂಡಕ್ಕೆ ಆಯ್ಕೆಯಾಗಲಿಲ್ಲ. ಅಲ್ಲಿನ ಕ್ಲಬ್ಬಿನಲ್ಲಿ ಹೊಸಬರಿಗೆ ಹುಟ್ಟು ಹಿಡಿಯುವುದನ್ನು ಹೇಳಿಕೊಡುತ್ತಿದ್ದಾನೆ.

ಹೋದ ವರ್ಷ ಊರಿಗೆ ಹೋದಾಗ ಅವನನ್ನು ಸಿಗಂದೂರಿಗೆ ಕರೆದುಕೊಂಡು ಹೋದೆ. ಸೇತುವೆಯ ಮೇಲಿಂದ ಹಿನ್ನೀರು ನೋಡಿ, "ಅಮ್ಮ, ಇಲ್ಲಿ 2,000 ಮೀಟರ್ ನೇರ ಸಿಗುತ್ತೆ" ಅಂದ. ನಾನು ಕಾರಿನ ಕಿಟಕಿ ಇಳಿಸಿ ಮೊದಲ ಸಲ ಆ ನೀರನ್ನು ನೆಟ್ಟಗೆ ನೋಡಿದೆ.

ನಿಮ್ಮ ಮಗು ಈಗ ಏಳೋ ಎಂಟೋ ಕ್ಲಾಸಿನಲ್ಲಿದ್ದರೆ ಈಜಿನಿಂದ ಶುರುಮಾಡಿ. ಬೇಸಿಗೆಯ ಕ್ಲಾಸುಗಳು ಬೇಗ ತುಂಬುತ್ತವೆ, ಏಪ್ರಿಲಿನಲ್ಲೇ ವಿಚಾರಿಸಿ. ಫಾರ್ಮನ್ನು ಮಗುವೇ ತುಂಬಲಿ, ನೀವು ಸಹಿ ಹಾಕಿ.